ಬ್ರಿಜ್‌ನಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲಬೇಡಿ

ನಾನು ನಾರ್ವೆಯ ಕರಾವಳಿ ಹಡಗೊಂದರಲ್ಲಿ ಸೆಕೆಂಡ್ ಆಫೀಸರ್. ಬೆರ್ಗೆನ್‌ನಿಂದ ಹೊರಟು ರಷ್ಯಾ ಗಡಿ ಹತ್ತಿರದ ಕಿರ್ಕೆನೆಸ್ ಮುಟ್ಟಿ ವಾಪಸ್ ಬರುವ ದಾರಿ. ಹೋಗಿ ಬರಲು ಹನ್ನೆರಡು ದಿನ. ನಡುವೆ ಹಗಲು ರಾತ್ರಿ ಎನ್ನದೆ ಬಂದರುಗಳು ಬರುತ್ತಲೇ ಇರುತ್ತವೆ, ಒಟ್ಟು 34.

ಊರಿಗೆ ಬಂದಾಗ ಎಲ್ಲರೂ "ಓ, ಕ್ರೂಸ್ ಹಡಗಾ?" ಅಂತ ಕೇಳುತ್ತಾರೆ. ಪ್ರವಾಸಿಗರು ಜಾಸ್ತಿ ಇರುತ್ತಾರೆ, ಅದು ನಿಜ. ಆದರೆ ರಾತ್ರಿ ಎರಡು ಗಂಟೆಗೆ ಒಂದು ಸಣ್ಣ ಊರಿನ ದಕ್ಕೆಗೆ ಹಡಗು ತಾಗಿದಾಗ ಹತ್ತುವವರು ಬೇರೆ. ಆಸ್ಪತ್ರೆಗೆ ಹೋಗುವ ಅಜ್ಜಿ, ಹಾಸ್ಟೆಲ್‌ಗೆ ವಾಪಸ್ ಹೋಗುವ ಹುಡುಗ, ಪಕ್ಕದ ಊರಿನಲ್ಲಿ ಕೆಲಸ ಇರುವ ಮೆಕ್ಯಾನಿಕ್. ಜೊತೆಗೆ ಅಂಗಡಿಯ ಸಾಮಾನು, ಮೀನಿನ ಪೆಟ್ಟಿಗೆ, ಯಂತ್ರದ ಬಿಡಿಭಾಗ. ಹದಿನೈದು ನಿಮಿಷದಲ್ಲಿ ಹಗ್ಗ ಕಟ್ಟಿ, ಎಲ್ಲವನ್ನೂ ಇಳಿಸಿ ಹತ್ತಿಸಿ, ಹಗ್ಗ ಬಿಚ್ಚಿ ಹೊರಡಬೇಕು. ಮುಂದಿನ ಊರಿನಲ್ಲಿ ಕಾಯುವವರು ಇರುತ್ತಾರೆ.

ಈ ಕೆಲಸಕ್ಕೆ ಬರುವ ಮೊದಲು ನಾನು ದೊಡ್ಡ ಟ್ಯಾಂಕರ್‌ಗಳಲ್ಲಿ ಇದ್ದೆ. ಅಲ್ಲಿಯ ಬ್ರಿಜ್, ಅಂದರೆ ಹಡಗು ನಡೆಸುವ ಕೋಣೆ, ನೋಡಿದವರಿಗೆ ಗೊತ್ತಿರುತ್ತೆ. ಕ್ಯಾಪ್ಟನ್ ಒಳಗೆ ಬಂದರೆ ಮಾತು ನಿಲ್ಲುತ್ತೆ. ಅವರು ಕೇಳಿದ್ದಕ್ಕೆ "ಯೆಸ್ ಸರ್" ಅನ್ನುವುದು, ಕೇಳದೇ ಇದ್ದರೆ ಸುಮ್ನೆ ನಿಲ್ಲುವುದು. ನಮ್ಮ ದೇಶದ ಹುಡುಗರು ಇದನ್ನು ಇನ್ನೂ ಚೆನ್ನಾಗಿ ಕಲಿತಿರುತ್ತಾರೆ. ಮನೆಯಲ್ಲಿ, ಶಾಲೆಯಲ್ಲಿ, ಟ್ರೇನಿಂಗ್ ಕಾಲೇಜಿನಲ್ಲಿ, ಎಲ್ಲ ಕಡೆ ಕಲಿಸುವುದು ಅದನ್ನೇ. ನಡು ಸಮುದ್ರದಲ್ಲಿ ಅದು ಹೇಗೋ ನಡೆದುಹೋಗುತ್ತೆ, ಯಾಕೆಂದರೆ ಸುತ್ತ ನೂರಾರು ಮೈಲಿ ನೀರು. ಒಂದು ಮಾತು ಐದು ನಿಮಿಷ ತಡವಾದರೂ ಹಡಗು ಯಾವುದಕ್ಕೂ ಗುದ್ದುವುದಿಲ್ಲ.

ನಾರ್ವೆಯ ತೀರ ಹಾಗಲ್ಲ. ಇಲ್ಲಿ ದ್ವೀಪಗಳ ನಡುವೆ, ಬಂಡೆಗಳ ನಡುವೆ, ಕೆಲವು ಕಡೆ ಹಡಗಿನ ಉದ್ದಕ್ಕಿಂತ ಸ್ವಲ್ಪವೇ ಅಗಲ ಇರುವ ಜಾಗದಲ್ಲಿ ತಿರುಗಬೇಕು. ನಮ್ಮಂಥ ಹಡಗುಗಳು 120 ಮೀಟರ್‌ಗಿಂತ ಉದ್ದ. ಹೊರಗಿನ ಹಡಗಾದರೆ ಪೈಲಟ್, ಅಂದರೆ ಇಲ್ಲಿಯ ನೀರಿನ ದಾರಿ ಬಲ್ಲವನನ್ನು, ಹತ್ತಿಸಿಕೊಳ್ಳಬೇಕು. ಕರಾವಳಿ ಹಡಗಿನಲ್ಲಿ ನಾವೇ ಪೈಲಟ್‌ಗಳು. ಅದಕ್ಕೆ ಒಂದೊಂದು ಜಲಮಾರ್ಗಕ್ಕೂ ಪರೀಕ್ಷೆ ಬರೆದು ಅನುಮತಿಪತ್ರ ಪಡೆಯಬೇಕು. ಯಾವ ಬಂಡೆ ಎಲ್ಲಿ, ಯಾವ ದೀಪ ಯಾವ ದಿಕ್ಕಿನಿಂದ ಯಾವ ಬಣ್ಣದಲ್ಲಿ ಕಾಣುತ್ತೆ, ಎಲ್ಲವೂ ಬಾಯಿಪಾಠ.

ದೀಪಗಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ತೀರದ ಜೀವಾಳವೇ ಅದು. ಇಲ್ಲಿಯ ಹೆಚ್ಚಿನ ದೀಪಗಳು ಒಂದೇ ಬಣ್ಣದವಲ್ಲ. ದೀಪದ ಗಾಜನ್ನು ಕೋನಗಳಾಗಿ ಹಂಚಿರುತ್ತಾರೆ. ನೀವು ಸರಿಯಾದ ದಾರಿಯಲ್ಲಿ ಇದ್ದರೆ ಬಿಳಿ ಕಾಣುತ್ತೆ. ಒಂದು ಪಕ್ಕಕ್ಕೆ ಜಾರಿದರೆ ಹಸಿರು, ಇನ್ನೊಂದು ಪಕ್ಕಕ್ಕೆ ಜಾರಿದರೆ ಕೆಂಪು. ಡಿಸೆಂಬರ್ ರಾತ್ರಿ ಬ್ರಿಜ್‌ನ ಎಲ್ಲ ಬೆಳಕು ಆರಿಸಿ ನಿಂತಿರುತ್ತೀರಿ. ದೂರದಲ್ಲಿ ಒಂದು ಕೆಂಪು ಚುಕ್ಕೆ ಮಿಣುಕುತ್ತಿರುತ್ತೆ. ಹಡಗು ಮೆಲ್ಲಗೆ ತಿರುಗುತ್ತೆ. ಆ ಕೆಂಪು ಒಂದು ಕ್ಷಣ ಮಂಕಾಗಿ, ಗುಲಾಬಿಯಾಗಿ, ಆಮೇಲೆ ಬಿಳಿಯಾಗಿ ನಿಲ್ಲುತ್ತೆ. ಆಗ ಪಕ್ಕದಲ್ಲಿ ನಿಂತ ಲುಕೌಟ್, ಅಂದರೆ ಹೊರಗೆ ಕಣ್ಣಿಟ್ಟು ಕಾಯುವವನು, ಗಟ್ಟಿಯಾಗಿ "ಬಿಳಿ" ಅನ್ನುತ್ತಾನೆ. ನನಗೂ ಕಾಣುತ್ತಿದೆ ಅಂತ ಅವನಿಗೆ ಗೊತ್ತು. ಆದರೂ ಹೇಳುತ್ತಾನೆ. ನಾನೂ "ಬಿಳಿ" ಅನ್ನುತ್ತೇನೆ.

ಈ ಕೆಲಸ ನನಗೆ ಕಲಿಸಿದ್ದು ಇದನ್ನೇ. ಕಂಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ಮಾಡುವ ಮೊದಲು ಹೇಳಬೇಕು, ಮಾಡಿದ ಮೇಲೂ ಹೇಳಬೇಕು.

ತಿರುವು ಹತ್ತಿರ ಬಂತು ಅಂದುಕೊಳ್ಳಿ. ವಾಚ್‌ನಲ್ಲಿರುವ, ಅಂದರೆ ಆ ಪಾಳಿಯ, ಆಫೀಸರ್ ಮೊದಲೇ ಹೇಳುತ್ತಾನೆ: ಮುಂದಿನ ಕೋರ್ಸ್ (ಹೋಗಬೇಕಾದ ದಿಕ್ಕು, ಡಿಗ್ರಿಯಲ್ಲಿ) ಸೊನ್ನೆ ಮೂರು ಐದು, ಎಡಗಡೆಯ ದೀಪ ಪಕ್ಕಕ್ಕೆ ಬಂದಾಗ ತಿರುಗಿಸ್ತೀನಿ, ಬಲಗಡೆ ಬಂಡೆಯಿಂದ ಇಷ್ಟು ದೂರ ಉಳಿಯುತ್ತೆ. ಜೊತೆಗಿರುವವನು ನಕ್ಷೆಯಲ್ಲಿ, ರಡಾರ್‌ನಲ್ಲಿ ನೋಡಿ ಅಂಕಿಗಳನ್ನು ತಾನೂ ಒಂದೊಂದಾಗಿ ಹೇಳುತ್ತಾನೆ. ಎರಡೂ ಕೂಡಿಬಂದರೆ ಮಾತ್ರ ಚುಕ್ಕಾಣಿ ತಿರುಗುತ್ತೆ. ಮೊದಮೊದಲು ನನಗೆ ಇದು ಮಕ್ಕಳ ಮಗ್ಗಿ ಹೇಳಿಸಿದ ಹಾಗೆ ಅನಿಸುತ್ತಿತ್ತು. ಆದರೆ ಗಮನಿಸಿ ನೋಡಿದರೆ, ತಪ್ಪು ತಲೆಯೊಳಗೆ ಇರುವಷ್ಟು ಹೊತ್ತು ಯಾರಿಗೂ ಕಾಣುವುದಿಲ್ಲ. ಬಾಯಿಂದ ಹೊರಬಿದ್ದ ಕೂಡಲೇ ಪಕ್ಕದವನ ಕಿವಿಗೆ ಬೀಳುತ್ತೆ.

ದಾರಿ ತಪ್ಪಿದ್ದು ಗೊತ್ತಾಗದಿದ್ದರೆ ಏನಾಗುತ್ತೆ ಅನ್ನುವುದನ್ನು ಈ ದಾರಿಯ ಇತಿಹಾಸವೇ ಹೇಳುತ್ತೆ. 1962ರ ಅಕ್ಟೋಬರ್ 21ರ ರಾತ್ರಿ, ಟ್ರೋಂಡ್‌ಹೈಮ್‌ನಿಂದ ಉತ್ತರಕ್ಕೆ ಹೊರಟಿದ್ದ ಸಾಂಕ್ಟ್ ಸ್ವಿಥುನ್ ಎಂಬ ಕರಾವಳಿ ಹಡಗು ಫೊಲ್ಲಾ ಎಂಬ ತೆರೆದ ಸಮುದ್ರದ ಹತ್ತಿರ ದಾರಿ ಬಿಟ್ಟು ಹೋಯಿತು. ಬಂಡೆಗೆ ಬಡಿದು ಮುಳುಗಿತು. 41 ಜನ ಸತ್ತರು. ಆ ಹಡಗು ತಪ್ಪು ಕೋರ್ಸ್‌ನಲ್ಲಿ ಯಾಕೆ ಹೋಯಿತು ಅನ್ನುವುದಕ್ಕೆ ಇವತ್ತಿಗೂ ಖಚಿತ ಉತ್ತರ ಇಲ್ಲ. ಆ ಸಮುದ್ರ ದಾಟುವಾಗ ನಾನು ಪ್ರತಿಸಲವೂ ಅದನ್ನು ನೆನೆಯುತ್ತೇನೆ.

ಬರೆದಿಟ್ಟು, ಹೇಳಿ, ತಾಳೆ ನೋಡುವ ಪದ್ಧತಿ ಈ ದಾರಿಯ ಹುಟ್ಟಿನಲ್ಲೇ ಇದೆ. 1890ರ ದಶಕದ ಆರಂಭದಲ್ಲಿ ಟ್ರೋಂಡ್‌ಹೈಮ್‌ನಿಂದ ದೂರದ ಉತ್ತರದ ಹಮ್ಮರ್‌ಫೆಸ್ಟ್‌ಗೆ ಕಾಗದ ತಲುಪಲು ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳವರೆಗೂ ಆಗುತ್ತಿತ್ತು. ವರ್ಷವಿಡೀ, ರಾತ್ರಿಯೂ ಹಡಗು ಓಡಿಸಿ ಅಂತ ಸರ್ಕಾರ ಕೇಳಿದಾಗ ದೊಡ್ಡ ಕಂಪನಿಗಳು ಆಗಲ್ಲ ಅಂದವು. ಟ್ರೋಂಡ್‌ಹೈಮ್‌ನಿಂದ ಮೇಲಕ್ಕೆ ಆಗ ಇದ್ದದ್ದು 28 ದೀಪಸ್ತಂಭ ಮಾತ್ರ. ಕ್ಯಾಪ್ಟನ್ ರಿಚರ್ಡ್ ವಿತ್ ಒಬ್ಬರು ಒಪ್ಪಿಕೊಂಡರು. ಅದಕ್ಕೆ ಕಾರಣ ಧೈರ್ಯ ಒಂದೇ ಅಲ್ಲ. ಅವರು ಮತ್ತು ಅವರ ಪೈಲಟ್ ಆಂಡರ್ಸ್ ಹೊಲ್ಟೆ ಬಹಳ ಕಾಲದಿಂದ ಕೋರ್ಸ್, ವೇಗ, ಸಮಯ ಎಲ್ಲವನ್ನೂ ಬರೆದಿಟ್ಟುಕೊಂಡು ಬಂದಿದ್ದರು. ಕಣ್ಣಿಗೆ ಏನೂ ಕಾಣದಿದ್ದರೂ ಗಡಿಯಾರ ಮತ್ತು ದಿಕ್ಸೂಚಿ ಹಿಡಿದು ಹೋಗಬಹುದು ಅಂತ ಅವರಿಗೆ ಗೊತ್ತಿತ್ತು. 1893ರ ಜುಲೈ 2ರಂದು ವೆಸ್ಟೆರೋಲೆನ್ ಹಡಗು ಟ್ರೋಂಡ್‌ಹೈಮ್ ಬಿಟ್ಟಿತು. 67 ಗಂಟೆಯಲ್ಲಿ ಹಮ್ಮರ್‌ಫೆಸ್ಟ್ ಮುಟ್ಟಿತು.

ಈಗ ಜಿಪಿಎಸ್ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೇಳಬಹುದು. ರಷ್ಯಾ ಗಡಿ ಕಡೆಯ ಪೂರ್ವ ಫಿನ್‌ಮಾರ್ಕ್‌ನಲ್ಲಿ 2017ರಿಂದ ಜಿಪಿಎಸ್ ಸಂಕೇತಕ್ಕೆ ಅಡ್ಡಿ ಬರುತ್ತಿದೆ. ವಿಮಾನದವರಿಗೆ ಅದರ ಕಾಟ ಜಾಸ್ತಿ. ಆದರೂ ಪರದೆಯ ಮೇಲಿನ ಹಡಗಿನ ಚಿತ್ರ ನಿಜವಾಗಿಯೂ ನಾವು ಇರುವ ಜಾಗದಲ್ಲೇ ಇದೆಯಾ ಅಂತ ರಡಾರ್‌ನಲ್ಲಿ, ಕಿಟಕಿಯಲ್ಲಿ ನೋಡಿ ತಾಳೆ ಹಾಕುವ ಅಭ್ಯಾಸ ಬಿಡುವ ಹಾಗಿಲ್ಲ. ಕಿಟಕಿಯೂ ಮೋಸ ಮಾಡುತ್ತೆ. ಮಂಜು, ಹಿಮ ಇದ್ದರೆ ಬಿಳಿ ದೀಪವೇ ಕೆಂಪಗೆ ಕಾಣುವುದುಂಟು. ಬೇಸಿಗೆಯಲ್ಲಂತೂ ಸೂರ್ಯ ಮುಳುಗುವುದೇ ಇಲ್ಲ. ಉತ್ತರದ ದೀಪಗಳನ್ನು ಕೆಲವು ತಿಂಗಳು ಆರಿಸಿಯೇ ಬಿಡುತ್ತಾರೆ. ನಡುರಾತ್ರಿ ಸೂರ್ಯ ನೀರಿನ ಮಟ್ಟದಲ್ಲಿ ನೇರ ಕಣ್ಣಿಗೆ ಹೊಡೆಯುತ್ತೆ, ಆ ಹೊಳಪಿನಲ್ಲಿ ಸಣ್ಣ ದೋಣಿ ಕಾಣುವುದೇ ಇಲ್ಲ. ಚಳಿಗಾಲದ ಕತ್ತಲೆಗಿಂತ ನನಗೆ ಇದು ಕಷ್ಟ.

ಮಾತಾಡುವುದು ಎಷ್ಟು ಮುಖ್ಯವೋ, ಮಾತಾಡಿದವರನ್ನು ಹೇಗೆ ನೋಡುತ್ತೀರಿ ಅನ್ನುವುದು ಅದಕ್ಕಿಂತ ಮುಖ್ಯ. ಇಲ್ಲಿ ಕ್ಯಾಪ್ಟನ್‌ಗೂ ಹೆಸರು ಹಿಡಿದೇ ಕರೆಯುತ್ತಾರೆ. ಒಮ್ಮೆ ಹೊಸದಾಗಿ ಸೇರಿದ ಹುಡುಗಿ ಲುಕೌಟ್‌ನಲ್ಲಿದ್ದಳು. "ಬಲಗಡೆ ದೀಪ, ಹತ್ತಿರದಲ್ಲೇ ಇದೆ" ಅಂತ ಕೂಗಿದಳು. ನೋಡಿದರೆ ಮೀನು ಸಾಕಣೆಯ ಬಲೆಗಳ ತೇಲುದೀಪ. ನಮಗೆಲ್ಲ ಗೊತ್ತಿದ್ದದ್ದೇ. ಬೇರೆ ಕಡೆ ಆಗಿದ್ದರೆ ಯಾರಾದರೂ ಗೊಣಗುತ್ತಿದ್ದರು. ಕ್ಯಾಪ್ಟನ್ ಕಣ್ಣು ಕಿಟಕಿಯಿಂದ ತೆಗೆಯದೆ, "ಥ್ಯಾಂಕ್ಸ್, ಅದು ಮೀನಿನ ಫಾರ್ಮ್. ಕಂಡಿದ್ದನ್ನೆಲ್ಲ ಹೇಳ್ತಾ ಇರು" ಅಂದರು. ಅಷ್ಟೇ. ಆ ರಾತ್ರಿ ಅವಳು ಕಂಡ ಪ್ರತಿಯೊಂದು ದೀಪವನ್ನೂ ಹೇಳಿದಳು. ತಪ್ಪಾಗಿ ಹೇಳಿದವರಿಗೆ ಮುಖ ಸಿಂಡರಿಸಿದರೆ, ಸರಿಯಾಗಿ ಹೇಳಬೇಕಾದಾಗ ಅವರು ಬಾಯಿ ತೆಗೆಯುವುದಿಲ್ಲ. ದುಡ್ಡು ಕೊಟ್ಟು ಮಾಡಿಸುವ ಯಾವ ಟ್ರೇನಿಂಗೂ ಅದನ್ನು ಸರಿಮಾಡುವುದಿಲ್ಲ.

ನನ್ನ ಊರು ಗಂಗೊಳ್ಳಿ ಕಡೆ. ಮಳೆಗಾಲದ ಅಂಚಿನಲ್ಲಿ ಅಳಿವೆ ಬಾಗಿಲಲ್ಲಿ ಬೋಟು ಒಳಗೆ ತರುವಾಗ ಅದನ್ನು ನಡೆಸುವ ತಾಂಡೇಲನ ಕಣ್ಣು ಮುಂದೆ ಇದ್ದರೂ ಕಿವಿ ಹಿಂದೆ ನಿಂತವನ ಮೇಲೆ ಇರುತ್ತೆ. ಹಿಂದಿನಿಂದ ಬರುವ ತೆರೆಯನ್ನು ಅವನೇ ಕೂಗಿ ಹೇಳಬೇಕು. ಅಲ್ಲಿ ಯಾರು ದೊಡ್ಡವರು ಯಾರು ಚಿಕ್ಕವರು ಅಂತ ಯಾರೂ ನೋಡುವುದಿಲ್ಲ. ಹಾಗಾಗಿ ಈ ಗುಣ ನಮ್ಮವರಲ್ಲಿ ಇಲ್ಲ ಅಂತ ನಾನು ಒಪ್ಪುವುದಿಲ್ಲ. ಯೂನಿಫಾರ್ಮ್ ಹಾಕಿದ ಮೇಲೆ ಅದನ್ನು ಬಿಟ್ಟುಬಿಡುತ್ತೇವೆ.

ಇದೆಲ್ಲ ನಿಜವಾಗಿ ಪರೀಕ್ಷೆಗೆ ಬೀಳುವುದು ಬಂದರಿಗೆ ಹೋಗುವುದಾ, ಬಿಟ್ಟು ಮುಂದೆ ಹೋಗುವುದಾ ಅನ್ನುವ ಹೊತ್ತಿನಲ್ಲಿ. ಫಿನ್‌ಮಾರ್ಕ್‌ನ ತೀರದಲ್ಲಿ ಬೆರ್ಲೆವೋಗ್, ಬೋಟ್ಸ್‌ಫ್ಯೋರ್ಡ್, ವಾರ್ಡ್ಯೋ ಥರದ ಊರುಗಳಿವೆ. ಆಚೆಗೆ ಬರೇ ಬ್ಯಾರೆಂಟ್ಸ್ ಸಮುದ್ರ. ಬೆರ್ಲೆವೋಗ್‌ನಲ್ಲಿ ನಾಲ್ಕು ಕಾಲಿನ ದೊಡ್ಡ ಕಾಂಕ್ರೀಟ್ ದಿಮ್ಮಿಗಳನ್ನು ರಾಶಿ ಹಾಕಿ ತಡೆಗೋಡೆ ಕಟ್ಟಿದ್ದಾರೆ. ಆ ಗೋಡೆ ಬರುವ ಮೊದಲು ಹಡಗು ಹೊರಗೇ ನಿಂತು, ಜನರನ್ನೂ ಸಾಮಾನನ್ನೂ ಸಣ್ಣ ದೋಣಿಯಲ್ಲಿ ಸಾಗಿಸುತ್ತಿದ್ದರು. ಈಗಲೂ ಗೋಡೆಗಳ ಬಾಯಿಯ ಒಳಗೆ ನುಗ್ಗಿ, ತಿರುಗಿ, ದಕ್ಕೆಗೆ ತಾಗುವುದು ಸುಲಭವಲ್ಲ. ಚಳಿಗಾಲದಲ್ಲಿ ಮಂಜುಗಡ್ಡೆಯ ಕಡೆಯಿಂದ ಬರುವ ತಣ್ಣನೆ ಗಾಳಿ ಬೆಚ್ಚಗಿನ ನೀರಿನ ಮೇಲೆ ಬಂದಾಗ ಸಣ್ಣ ಆದರೆ ಬಲವಾದ ಬಿರುಗಾಳಿಗಳು ಏಳುತ್ತವೆ. ಮುನ್ಸೂಚನೆ ಇದ್ದರೂ ಅವು ಯಾವ ಗಂಟೆಗೆ ಎಲ್ಲಿ ಹೊಡೆಯುತ್ತವೆ ಅಂತ ಸರಿಯಾಗಿ ಹೇಳುವುದು ಕಷ್ಟ. ಹತ್ತು ನಿಮಿಷದ ಹಿಂದೆ ನಕ್ಷತ್ರ ಕಾಣುತ್ತಿದ್ದ ಕಡೆ ಹಡಗಿನ ಮುಂಭಾಗವೇ ಕಾಣದಷ್ಟು ಹಿಮ.

ಅಂಥ ಒಂದು ರಾತ್ರಿ. ಬಂದರಿಗೆ ಅರ್ಧ ಗಂಟೆ ಇರುವಾಗಲೇ ಕ್ಯಾಪ್ಟನ್ ಎಲ್ಲರನ್ನೂ ಸೇರಿಸಿ ಹೇಳಿದರು: ಗಾಳಿ ಸೆಕೆಂಡಿಗೆ 18 ಮೀಟರ್ ದಾಟಿದರೆ ಒಳಗೆ ಹೋಗಲ್ಲ. ಈ ದೀಪ ದಾಟುವವರೆಗೂ ತಿರುಗಬಹುದು, ದಾಟಿದ ಮೇಲೆ ತಿರುಗಲು ಜಾಗ ಇಲ್ಲ. ಯಾರಿಗೆ ಏನು ಸರಿ ಕಾಣಲಿಲ್ಲ ಅಂದರೂ ಅದಕ್ಕೆ ಮೊದಲೇ ಹೇಳಿ. ಗಾಳಿಯ ಅಂಕಿ ಓದುವ ಕೆಲಸ ಒಬ್ಬ ಟ್ರೇನಿಗೆ ಕೊಟ್ಟರು. ಅವನು ಓದುತ್ತಾ ಹೋದ. ಹದಿನಾಲ್ಕು. ಹದಿನೈದು. ಹದಿನಾಲ್ಕು. ದೀಪ ಹತ್ತಿರ ಬರುತ್ತಿತ್ತು. ಹದಿನೇಳು. ಆಮೇಲೆ ಅವನ ದನಿ ಸ್ವಲ್ಪ ನಡುಗಿತು, ಆದರೂ ಹೇಳಿದ: "ಇಪ್ಪತ್ತು." ಅದೇ ಹೊತ್ತಿಗೆ ಮುಂಭಾಗದಿಂದ ವಾಕಿಟಾಕಿಯಲ್ಲಿ ಸೀಮನ್ ಹೇಳಿದ, "ದಕ್ಕೆಯ ದೀಪ ಕಾಣ್ತಿಲ್ಲ." ಕ್ಯಾಪ್ಟನ್ "ಕೇಳಿಸ್ತು, ತಿರುಗಿಸ್ತೀನಿ" ಅಂದರು. ಇನ್ನೊಂದು ನಿಮಿಷ ನೋಡೋಣ ಅನ್ನಲಿಲ್ಲ. ಅಂಕಿ ಮೊದಲೇ ನಿಗದಿ ಆಗಿತ್ತು, ಅದನ್ನು ಹೇಳಲು ಒಬ್ಬ ಇದ್ದ, ಹೇಳಿದ. ಹಡಗು ತಿರುಗಿತು.

ಕೆಳಗೆ ಇಳಿಯಲು ಬ್ಯಾಗ್ ಹಿಡಿದು ನಿಂತವರಿದ್ದರು. ದಕ್ಕೆಯ ಮೇಲೆ ಹತ್ತಲು ಕಾದವರಿದ್ದರು. ಅಂಥ ಗಾಳಿಗೆ ಆ ಊರಿನ ಗುಡ್ಡದ ರಸ್ತೆಯೂ ಮುಚ್ಚಿರುತ್ತೆ. ಹಡಗು ಬಂದರಿಗೆ ಹೋಗದೇ ಇದ್ದರೆ ಅವರಿಗೆ ಬೇರೆ ದಾರಿ ಇಲ್ಲ. ಈ ನೋವು ಪ್ರತಿಸಲ ಇರುತ್ತೆ, ಇರಬೇಕು ಕೂಡ. ಆದರೆ ಆ ನೋವು ಚುಕ್ಕಾಣಿ ಹಿಡಿಯಬಾರದು. ಅದಕ್ಕೇ ಅಂಕಿಯನ್ನು ಮೊದಲೇ, ಮನಸ್ಸು ತಣ್ಣಗಿರುವಾಗ ಇಟ್ಟುಕೊಳ್ಳುವುದು.

ಇಲ್ಲಿ ಇನ್ನೊಂದು ಕೆಲಸ ಇದೆ, ಅದನ್ನು ಯಾವ ಪುಸ್ತಕವೂ ಒತ್ತಿ ಹೇಳುವುದಿಲ್ಲ. ಹೋಗಲ್ಲ ಅಂತ ನಿರ್ಧಾರವಾದ ಕೂಡಲೇ ದಕ್ಕೆಯವರಿಗೆ ಫೋನ್ ಮಾಡಬೇಕು. ಅನುಮಾನ ಇದ್ದರೆ ಎರಡು ಗಂಟೆ ಮೊದಲೇ "ಬರದೇ ಇರಬಹುದು" ಅಂತ ಹೇಳಬೇಕು. ಮೈನಸ್ ಹತ್ತು ಡಿಗ್ರಿಯಲ್ಲಿ ಒಬ್ಬ ಅಜ್ಜಿ ನಿಂತು ಹಡಗು ಬೆನ್ನು ತಿರುಗಿಸುವುದನ್ನು ನೋಡುವ ಹಾಗೆ ಆಗಬಾರದು. ಹಡಗಿನ ಒಳಗಿರುವವರಿಗೂ ಮೈಕ್‌ನಲ್ಲಿ ಹವಾಮಾನ ವೈಪರೀತ್ಯ ಅಂತ ಒಂದು ಸಾಲು ಓದಿ ಮುಗಿಸಬಾರದು. ಗಾಳಿ ಇಷ್ಟಿತ್ತು, ದಕ್ಕೆ ಕಾಣಲಿಲ್ಲ, ಮುಂದಿನ ಬಂದರಿಗೆ ಇಷ್ಟು ಗಂಟೆಗೆ ತಲುಪುತ್ತೇವೆ, ಅಲ್ಲಿಂದ ನಿಮ್ಮನ್ನು ಕಳಿಸಲು ಇಂಥವರು ನೋಡಿಕೊಳ್ಳುತ್ತಾರೆ ಅಂತ ಹೇಳಿದರೆ ಜನ ಒಪ್ಪುತ್ತಾರೆ. ಈ ತೀರದವರಿಗೆ ಸಮುದ್ರ ಗೊತ್ತು. ಅವರಿಗೆ ಸಿಟ್ಟು ಬರುವುದು ಗಾಳಿಯ ಮೇಲಲ್ಲ, ಯಾರೂ ಏನೂ ಹೇಳದೇ ಇದ್ದಾಗ.

ವಾಚ್ ಬದಲಾಗುವ ಹೊತ್ತಿನ ಬಗ್ಗೆ ಒಂದು ಮಾತು. ಹೊಸಬರು ಬೆಚ್ಚಗಿನ, ಬೆಳಕಿನ ಕೋಣೆಯಿಂದ ಮೇಲೆ ಬರುತ್ತಾರೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಸಮಯ ಬೇಕು. ಆ ಹೊತ್ತಿನಲ್ಲಿ ನಾನು ಅವರಿಗೆ ಏನನ್ನೂ ಒಪ್ಪಿಸುವುದಿಲ್ಲ. ಸುಮ್ನೆ ಪಕ್ಕದಲ್ಲಿ ನಿಲ್ಲಲಿ. ಆಮೇಲೆ ನಾನು ಹೇಳುವ ಬದಲು ಅವರನ್ನೇ ಕೇಳುತ್ತೇನೆ: ಈಗ ಎಲ್ಲಿದ್ದೇವೆ, ಮುಂದಿನ ದೀಪ ಯಾವುದು, ಎದುರಿಗೆ ಬರುತ್ತಿರುವ ಹಡಗು ಯಾವ ಕಡೆ ಹಾದು ಹೋಗುತ್ತೆ, ಇವತ್ತು ನಿಮಗೆ ಏನು ಸರಿ ಕಾಣ್ತಿಲ್ಲ? ಕೊನೆಯ ಪ್ರಶ್ನೆಗೆ "ಎಲ್ಲ ಸರಿ ಇದೆ" ಅನ್ನುವ ಉತ್ತರವನ್ನು ನಾನು ತೆಗೆದುಕೊಳ್ಳುವುದಿಲ್ಲ. ಏನಾದರೊಂದು ಹೇಳಲೇಬೇಕು, ಎಷ್ಟೇ ಸಣ್ಣದಾಗಿರಲಿ.

ನಮ್ಮ ಕಡೆಯಿಂದ ಈ ಕೆಲಸಕ್ಕೆ ಬರಬೇಕು ಅಂತ ಇರುವವರು ಸರ್ಟಿಫಿಕೇಟ್ ಜೊತೆಗೆ ನಾರ್ವೇಜಿಯನ್ ಭಾಷೆಯನ್ನು ಗಟ್ಟಿಯಾಗಿ ಕಲಿತು ಬನ್ನಿ. ರೇಡಿಯೊದಲ್ಲಿ ಮೀನುಗಾರರು ಮಾತಾಡುವುದು ಅದರಲ್ಲೇ, ಅದೂ ಊರಿಗೊಂದು ಥರ. ಅದು ಅರ್ಥವಾಗದಿದ್ದರೆ ನೀವು ಮತ್ತೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತೀರಿ. ವ್ಯಾಕರಣ ತಪ್ಪಿದರೆ ಇಲ್ಲಿ ಯಾರೂ ನಗುವುದಿಲ್ಲ. ದೀಪದ ಬಣ್ಣ, ಕೋರ್ಸ್‌ನ ಅಂಕಿ, ಗಾಳಿಯ ವೇಗ, ಇವಿಷ್ಟನ್ನು ನಿದ್ದೆಗಣ್ಣಲ್ಲೂ ಹೇಳಲು ಬಂದರೆ ಮೊದಲ ಚಳಿಗಾಲಕ್ಕೆ ಸಾಕು.