ಹಳೇ ವಾಲ್ವ್ ಆಂಪ್: ಮೊದಲು ರಿಪೇರಿ, ಆಮೇಲೆ ಸೌಂಡ್

ಹಳೇ ವಾಲ್ವ್ (ಟ್ರಾನ್ಸಿಸ್ಟರ್‌ಗೆ ಮುಂಚಿನ ಗಾಜಿನ ಬುರುಡೆ) ಗಿಟಾರ್ ಆಂಪ್ ತರುವವರು ಸಾಮಾನ್ಯವಾಗಿ ಪಾರ್ಟ್‌ಗಳ ಪಟ್ಟಿಯನ್ನೂ ಜೊತೆಗೇ ತರುತ್ತಾರೆ. ಈ ಕಂಡೆನ್ಸರ್ (ಕೆಪಾಸಿಟರ್) ಹಾಕಿ, ಆ ರೆಸಿಸ್ಟರ್ ತೆಗೀರಿ, ಸೌಂಡ್ ಚೆನ್ನಾಗಾಗುತ್ತಂತೆ ಅಂತಾರೆ. ನಾನು ಪಟ್ಟಿ ತಗೊಂಡು ಪಕ್ಕಕ್ಕಿಡುತ್ತೇನೆ. ಅರವತ್ತು ವರ್ಷ ಆದ ಆಂಪ್ ಇವತ್ತು ಕೊಡುತ್ತಿರುವುದು ಅದರ ಸ್ವಂತ ಸೌಂಡ್ ಆಗಿರುವುದು ಅಪರೂಪ. ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕಂಡೆನ್ಸರ್ ಒಣಗಿದ್ದು, ಓಮ್ ಏರಿದ ರೆಸಿಸ್ಟರ್, ತಪ್ಪು ವೋಲ್ಟೇಜ್ ಎಲ್ಲಾ ಸೇರಿ ಆ ಸೌಂಡ್ ಆಗಿರುತ್ತದೆ. ಅದರ ಮೇಲೆ ಮಾಡಿಫಿಕೇಶನ್ ಮಾಡಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಆಂಪ್ ಹುಟ್ಟಿದಾಗ ಹೇಗಿತ್ತೋ ಹಾಗಾಗಬೇಕು. ಇತ್ತೀಚೆಗೆ ಕೈಗೆ ಬಂದ ಒಂದು ಆಂಪ್ ಇಟ್ಟುಕೊಂಡು ಇದನ್ನು ಬಿಡಿಸಿ ಹೇಳುತ್ತೇನೆ.

ನಮ್ಮದು ಕೋಲಾರದಲ್ಲಿ ಆಂಪ್ಲಿಫೈಯರ್ ರಿಪೇರಿ ಅಂಗಡಿ. ಜಾಸ್ತಿ ಕೆಲಸ ಶಾಮಿಯಾನ, ಮೈಕ್ ಸೆಟ್‌ನವರದ್ದು. ವಾಲ್ವ್ ಸಾಮಾನು ಬರುವುದು ಹೆಚ್ಚಾಗಿ ಕೆಜಿಎಫ್ ಕಡೆಯಿಂದ. ಅಲ್ಲಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು. ರೇಡಿಯೋ, ರೆಕಾರ್ಡ್ ಪ್ಲೇಯರ್, ಗಿಟಾರ್ ಆ ಊರಿನ ಮನೆಗಳಿಗೆ ಹೊಸದೇನಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರು ಬಿಟ್ಟವರ ಸಾಮಾನು ಇವತ್ತಿಗೂ ಕೈಯಿಂದ ಕೈಗೆ ದಾಟುತ್ತಿದೆ. ಈ ಆಂಪ್ ತಂದ ಹುಡುಗ ರಾಬರ್ಟ್‌ಸನ್‌ಪೇಟೆಯವನು, ಚರ್ಚ್‌ನಲ್ಲಿ ಗಿಟಾರ್ ಬಾರಿಸುತ್ತಾನೆ. ಆಂಪ್ ಅಮೆರಿಕದ್ದು, ಫೆಂಡರ್ ಕಂಪನಿಯ ಚಾಂಪ್ ಅನ್ನುವ ಸಣ್ಣ ಆಂಪ್ ಜಾತಿಯ ಸರ್ಕ್ಯೂಟ್. ವಾಲ್ವ್ ಮೂರು: ಗಿಟಾರ್ ಸಿಗ್ನಲ್ ಹಿಗ್ಗಿಸಲು ಒಂದು 12ಎಎಕ್ಸ್7, ಸ್ಪೀಕರ್ ಓಡಿಸಲು ಒಂದು 6ವಿ6, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ಗೆ 5ವೈ3. ಜೊತೆಗೆ ಎಂಟು ಇಂಚಿನ ಸ್ಪೀಕರ್. ಹೆಚ್ಚೆಂದರೆ 5 ವ್ಯಾಟ್. ಇರುವುದು ಒಂದೇ ನಾಬ್, ವಾಲ್ಯೂಮ್.

"ಅಣ್ಣ, ಬೇಸ್ ಎಲ್ಲಾ ಗುಮ್ ಅನ್ನುತ್ತೆ, ಜೋರಾಗಿ ಬಾರಿಸಿದರೆ ಗಂಟಲು ಕಟ್ಟಿದ ಹಾಗಾಗುತ್ತೆ. ಒಳ್ಳೇ ಕಂಡೆನ್ಸರ್ ಹಾಕಿ ಮಾಡಿಫೈ ಮಾಡಿಕೊಡಿ" ಅಂದ.

"ಆಗಲಿ ಕಣಪ್ಪ. ಮೊದಲು ಇದಕ್ಕೇನು ಕಾಯಿಲೆ ಅಂತ ನೋಡೋಣ" ಅಂದೆ.

ನಾನು ಮೊದಲು ನೋಡುವುದು ಕರೆಂಟ್. ಈ ಆಂಪ್ 117 ವೋಲ್ಟ್, 60 ಹರ್ಟ್ಜ್‌ಗೆ ಮಾಡಿದ್ದು. ನಮ್ಮದು 230 ವೋಲ್ಟ್, 50 ಹರ್ಟ್ಜ್. ಅವನು ಬಳಸುತ್ತಿದ್ದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 230ಕ್ಕೆ 120 ಕೊಡುವಂಥದ್ದು. ರಾತ್ರಿ ಲೋಡ್ ಇಳಿದು ಲೈನ್ 245ಕ್ಕೆ ಏರಿದರೆ ಆಂಪ್‌ಗೆ 128 ವೋಲ್ಟ್ ಹೋಗುತ್ತದೆ. 6.3 ವೋಲ್ಟ್ ಇರಬೇಕಾದ ಹೀಟರ್ (ವಾಲ್ವ್ ಕಾಯಿಸುವ ತಂತಿ) ಆಗ 6.9ರ ಹತ್ತಿರ ಬರುತ್ತದೆ, ವಾಲ್ವ್ ತಡೆದುಕೊಳ್ಳುವ ಶೇಕಡಾ 10ರ ಅಂಚಿಗೆ. ಪ್ಲೇಟ್ (ವಾಲ್ವ್‌ನಲ್ಲಿ ಎಲೆಕ್ಟ್ರಾನ್ ಹೋಗಿ ಸೇರುವ ತುದಿ) ವೋಲ್ಟೇಜೂ ಅದೇ ಲೆಕ್ಕದಲ್ಲಿ ಏರುತ್ತದೆ. ಸ್ಟೆಪ್‌ಡೌನ್‌ನಿಂದ ವೋಲ್ಟ್ ಇಳಿಯುತ್ತದೆ, ಹರ್ಟ್ಜ್ ಬದಲಾಗುವುದಿಲ್ಲ. 60ಕ್ಕೆ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಓಡಿದರೆ ಅದರ ಕೋರ್‌ಗೆ ಶೇಕಡಾ 20ರಷ್ಟು ಹೆಚ್ಚು ಭಾರ. ಮುಟ್ಟಿದರೆ ಕೈ ಸುಡುತ್ತಿತ್ತು.

ಕೋಲಾರದಲ್ಲಿ ಬೋರ್‌ವೆಲ್ ಮೋಟರ್ ವೈಂಡಿಂಗ್ ಅಂಗಡಿಗಳಿಗೆ ಬರ ಇಲ್ಲ. ಗೊತ್ತಿರುವ ವೈಂಡಿಂಗ್‌ನವರ ಹತ್ತಿರ 110 ಮತ್ತು 120 ವೋಲ್ಟಿನ ಎರಡು ಟ್ಯಾಪ್ (ಔಟ್‌ಪುಟ್ ತುದಿ) ಇರುವ ಹೊಸ ಸ್ಟೆಪ್‌ಡೌನ್ ಸುತ್ತಿಸಿದೆ. ಲೈನ್ 245 ಇದ್ದಾಗ 110ರ ಟ್ಯಾಪ್‌ನಲ್ಲಿ ಸರಿಯಾಗಿ 117 ಸಿಗುತ್ತದೆ. ಸಂಜೆ ಲೈನ್ ಕುಸಿದರೆ 120ಕ್ಕೆ ಬದಲಾಯಿಸಿಕೊಳ್ಳಬಹುದು. ಇಡೀ ಕೆಲಸದಲ್ಲಿ ಆಂಪ್‌ನ ಆಯಸ್ಸಿಗೆ ಜಾಸ್ತಿ ಉಪಕಾರ ಮಾಡಿದ್ದು ಇದೇ ಅಂತ ನನ್ನ ಅಭಿಪ್ರಾಯ. ಯಾರ ಪಟ್ಟಿಯಲ್ಲೂ ಇದು ಇರುವುದಿಲ್ಲ.

ಎರಡನೆಯದು ಅರ್ಥಿಂಗ್. ಆಂಪ್‌ಗೆ ಎರಡು ಪಿನ್ನಿನ ವೈರ್ ಇತ್ತು. ಗಿಟಾರಿನ ತಂತಿ ಜಾಕ್ ಮೂಲಕ ಚಾಸಿಗೆ, ಅಂದರೆ ಆಂಪ್‌ನ ಲೋಹದ ಚೌಕಟ್ಟಿಗೆ, ಸೇರಿಕೊಂಡಿರುತ್ತದೆ. ಚಾಸಿಗೆ ಕರೆಂಟ್ ಬಂದರೆ ಬಾರಿಸುವವನ ಬೆರಳಿಗೂ ಬಂತು. ಮೂರು ಕೋರ್ ವೈರ್ ಹಾಕಿ, ಅರ್ಥನ್ನು ಚಾಸಿಗೆ ಬೋಲ್ಟ್ ಮಾಡಿ, ಫೇಸ್ ಮೊದಲು ಫ್ಯೂಸ್‌ಗೆ ಹೋಗುವ ಹಾಗೆ ಬದಲಾಯಿಸಿದೆ. ಹಳೇತನ ಉಳಿಯಲಿ ಅಂತ ಎರಡು ಪಿನ್ ಹಾಗೇ ಬಿಡಿ ಅನ್ನುವವರಿದ್ದಾರೆ. ಅಂಥ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಒಳಗೆ ಕೈ ಹಾಕುವವರಿಗೆ ಒಂದು ಮಾತು. ಆಫ್ ಮಾಡಿದ ಮೇಲೂ ಫಿಲ್ಟರ್ ಕಂಡೆನ್ಸರ್‌ನಲ್ಲಿ 300 ವೋಲ್ಟ್ ಮೇಲೆ ಉಳಿದಿರಬಹುದು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಅಭ್ಯಾಸ ನಮ್ಮ ಲೈನ್‌ನಲ್ಲಿದೆ, ಬೇಡ. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್‌ನಿಂದ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿ, ಆಮೇಲೆ ಮುಟ್ಟಿ. ಸ್ಪೀಕರ್ ಬಿಚ್ಚಿಟ್ಟು ಆಂಪ್ ಆನ್ ಮಾಡಿ ಬಾರಿಸಲೇಬೇಡಿ. ಲೋಡ್ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು, ಹಳೇ ಆಂಪ್‌ನಲ್ಲಿ ಬೆಲೆ ಬಾಳುವುದೇ ಅದು. ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬೋರ್ಡ್‌ನಲ್ಲಿ (ಆಂಪ್‌ಗೆ ಹೋಗುವ ಕರೆಂಟ್ ಬಲ್ಬ್ ದಾಟಿ ಹೋಗುವ ಹಾಗೆ) 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಇರಲಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ. ಪೂರ್ತಿ ಬೆಳಕಲ್ಲೇ ನಿಂತರೆ ಒಳಗೆಲ್ಲೋ ಶಾರ್ಟ್ ಇದೆ.

ಹಮ್ಮಿಂಗ್ ಇತ್ತು. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಅಷ್ಟೇ ಇತ್ತು. ಅಂದರೆ ವಾಲ್ಯೂಮ್ ಕಂಟ್ರೋಲ್‌ನಿಂದ ಆಚೆಗಿನ ತೊಂದರೆ. ಸ್ವರ 100 ಹರ್ಟ್ಜ್, ಫಿಲ್ಟರ್‌ನದ್ದು. ಹೀಟರ್‌ನಿಂದ ಬಂದಿದ್ದರೆ 50 ಹರ್ಟ್ಜ್ ಇರುತ್ತಿತ್ತು, ಇನ್ನೂ ದಪ್ಪ. ಕಿವಿ ಪಳಗಿದರೆ ಮೀಟರ್ ತೆಗೆಯುವ ಮುಂಚೆಯೇ ಅರ್ಧ ದಾರಿ ಸಾಗಿರುತ್ತೇವೆ. ಕಂಡೆನ್ಸರ್ ಬದಲಾಯಿಸುವಾಗ "ದೊಡ್ಡದು ಹಾಕಿ, 100 ಮೈಕ್ರೋಫ್ಯಾರಡ್ ಹಾಕಿ" ಅಂತ ಹುಡುಗ ಹೇಳಿದ. 5ವೈ3 ಎದುರಿಗೆ ಮೊದಲ ಕಂಡೆನ್ಸರ್ 20 ಮೈಕ್ರೋಫ್ಯಾರಡ್ ದಾಟಬಾರದು. ದೊಡ್ಡದು ಹಾಕಿದರೆ ಅದು ತುಂಬುವಾಗ ಎಳೆಯುವ ಕರೆಂಟ್‌ಗೆ ರೆಕ್ಟಿಫೈಯರ್ ವಾಲ್ವ್ ಬೇಗ ಸಾಯುತ್ತದೆ. ಹಾಗಾಗಿ ಮೊದಲನೆಯದು ಇದ್ದ ಹಾಗೆ 16. ಮುಂದಿನ ಎರಡಕ್ಕೆ 8ರ ಜಾಗದಲ್ಲಿ 22. ಅವೆರಡರ ಮುಂದೆ ರೆಸಿಸ್ಟರ್ ಇರುವುದರಿಂದ ರೆಕ್ಟಿಫೈಯರ್‌ಗೆ ತೊಂದರೆ ಇಲ್ಲ. ಹಮ್ಮಿಂಗ್ ಬಹುತೇಕ ಹೋಯಿತು.

ಗಂಟಲು ಕಟ್ಟಿದ ಸೌಂಡ್‌ಗೆ ಕಾರಣ ಸಿಕ್ಕಿದ್ದು 6ವಿ6 ಗ್ರಿಡ್‌ನಲ್ಲಿ, ಅಂದರೆ ಸಿಗ್ನಲ್ ವಾಲ್ವ್ ಒಳಗೆ ಹೋಗುವ ತುದಿಯಲ್ಲಿ. ಅಲ್ಲಿ ಡಿಸಿ ಸೊನ್ನೆ ಇರಬೇಕು. ಮೀಟರ್ ಪ್ಲಸ್ 3 ವೋಲ್ಟ್ ತೋರಿಸಿತು. ಇದು ವಾಲ್ವ್‌ನಿಂದಲೂ ಬರಬಹುದು, ಹಿಂದಿನ ಕಪ್ಲಿಂಗ್ ಕಂಡೆನ್ಸರ್ (ಡಿಸಿ ತಡೆದು ಸಿಗ್ನಲ್ ಮಾತ್ರ ದಾಟಿಸುವುದು) ಲೀಕ್ ಆಗಿಯೂ ಬರಬಹುದು. ವೇರಿಯಾಕ್‌ನಲ್ಲಿ (ವೋಲ್ಟ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ವೋಲ್ಟೇಜ್ ತಗ್ಗಿಸಿ, 6ವಿ6 ಕಿತ್ತು ಮತ್ತೆ ಅಳೆದೆ. ವಾಲ್ವ್ ಇಲ್ಲದಿದ್ದರೂ ಪ್ಲಸ್ ವೋಲ್ಟೇಜ್ ಹೋಗಲಿಲ್ಲ, ಅಂದರೆ ಲೀಕ್ ಕಂಡೆನ್ಸರ್‌ನದ್ದೇ. ಅದು ಲೀಕ್ ಆದರೆ 6ವಿ6 ಬೇಕಾದ್ದಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ, ಸೌಂಡ್ ಒಂದು ಕಡೆಗೆ ಒತ್ತಿಕೊಂಡು ಒಡೆಯುತ್ತದೆ. 0.022 ಮೈಕ್ರೋಫ್ಯಾರಡ್, 630 ವೋಲ್ಟಿನ ಸಾಧಾರಣ ಫಿಲ್ಮ್ ಕಂಡೆನ್ಸರ್ ಹಾಕಿದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವಂಥದ್ದು. ಈಗ 6ವಿ6ರ ಕ್ಯಾಥೋಡ್‌ನಲ್ಲಿರುವ (ವಾಲ್ವ್‌ನಲ್ಲಿ ಎಲೆಕ್ಟ್ರಾನ್ ಹೊರಡುವ ತುದಿ) 470 ಓಮ್ ರೆಸಿಸ್ಟರ್ ಮೇಲೆ 19 ವೋಲ್ಟ್ ಬಂತು. ಅಂದರೆ ಸುಮಾರು 40 ಮಿಲಿಆಂಪ್. ಪ್ಲೇಟ್‌ನ ಬಿಸಿ 6ವಿ6ಗೆ ಹೇಳಿರುವ 12 ವ್ಯಾಟ್ ಒಳಗೇ ಬಂತು.

ಇನ್ನು ಚರಚರ ಅನ್ನುವ ಸದ್ದು. ಬಿದಿರು ಕಡ್ಡಿಯಿಂದ ಪಾರ್ಟ್‌ಗಳನ್ನು ಒಂದೊಂದಾಗಿ ತಟ್ಟುತ್ತಾ ಹೋದೆ. 12ಎಎಕ್ಸ್7ರ ಪ್ಲೇಟ್ ರೆಸಿಸ್ಟರ್ ಮುಟ್ಟಿದಾಗ ಸ್ಪೀಕರ್‌ನಲ್ಲಿ ಎಣ್ಣೆಯಲ್ಲಿ ಕರಿದಂತೆ ಸಿಡಿಯಿತು. 100 ಕಿಲೋ ಓಮ್ ಇರಬೇಕಾದದ್ದು 130ರ ಮೇಲೆ ಹೋಗಿತ್ತು. ಅದನ್ನೊಂದನ್ನೇ ಬದಲಾಯಿಸಿದೆ. ಸರಿಯಿರುವ ರೆಸಿಸ್ಟರ್‌ಗಳನ್ನು ಸುಮ್ನೆ ಕೀಳಬಾರದು.

ಇಷ್ಟಾದ ಮೇಲೆ ಹುಡುಗನನ್ನು ಕರೆಸಿದೆ. ಗಿಟಾರ್ ಅವನದ್ದೇ ತರಲು ಹೇಳಿದ್ದೆ. ಬಾರಿಸಿ, "ಅಣ್ಣ, ಮಾಡಿಫಿಕೇಶನ್ ಆಯ್ತಾ?" ಅಂದ. ಇನ್ನೂ ಒಂದೂ ಮಾಡಿರಲಿಲ್ಲ. ಅವನು ಕೇಳಿದ್ದರಲ್ಲಿ ಮುಕ್ಕಾಲು ಪಾಲು ರಿಪೇರಿಯಿಂದಲೇ ಬಂದಿತ್ತು. ಉಳಿದದ್ದು ಬೇಸ್‌ನ ಗುಮ್, ಮತ್ತೆ ಚರ್ಚ್‌ನಲ್ಲಿ ಸೌಂಡ್ ಬೇಗ ಒಡೆಯುವುದು.

ಈಗ ಮಾಡಿಫಿಕೇಶನ್‌ಗೆ ಅರ್ಥ ಬಂತು. ಬೆಸುಗೆ ಇಲ್ಲದ್ದು ಮೊದಲು. 12ಎಎಕ್ಸ್7 ಜಾಗದಲ್ಲಿ 12ಎಟಿ7 ಹಾಕಿ ಕೇಳಿದೆವು. ಮೊದಲನೆಯದರ ಗೇನ್ ಫ್ಯಾಕ್ಟರ್ (ಸಿಗ್ನಲ್ ಹಿಗ್ಗಿಸುವ ಶಕ್ತಿ) 100, ಎರಡನೆಯದರದ್ದು 60. ಸೌಂಡ್ ನಿಧಾನಕ್ಕೆ ಒಡೆಯಿತು, ಆದರೆ ಅವನಿಗೆ ಸಪ್ಪೆ ಅನ್ನಿಸಿತು. ಮತ್ತೆ 12ಎಎಕ್ಸ್7ಗೇ ಬಂದೆವು. ನನ್ನ ಹತ್ತಿರ ಬೆಂಗಳೂರಿನ ಬಿಇಎಲ್‌ನ ಒಂದು ಇಸಿಸಿ83 ಇತ್ತು. 12ಎಎಕ್ಸ್7ಗೆ ಯುರೋಪಿನ ಹೆಸರು ಅದು. ಬಿಇಎಲ್ 1961ರಿಂದ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವ್‌ಗಳನ್ನು ಮಾಡುತ್ತಿತ್ತು. ಅದು ಇವನ ಹಳೆಯದಕ್ಕಿಂತ ಸದ್ದಿಲ್ಲದೆ ಕೆಲಸ ಮಾಡಿತು. ನಮ್ಮ ನಾಡಿನ ವಾಲ್ವ್ ಅದರಲ್ಲಿ ಕೂತದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಗುಮ್‌ಗೆ ಮದ್ದು 12ಎಎಕ್ಸ್7ರ ಎರಡು ಹಂತಗಳಲ್ಲಿ ಮೊದಲ ಹಂತದ ಕ್ಯಾಥೋಡ್‌ನಲ್ಲಿ. ಅಲ್ಲಿ 1.5 ಕಿಲೋ ಓಮ್ ಜೊತೆ 25 ಮೈಕ್ರೋಫ್ಯಾರಡ್ ಇತ್ತು. ಅದರಿಂದ 8 ಹರ್ಟ್ಜ್‌ವರೆಗೂ ಬೇಸ್ ದಾಟುತ್ತದೆ. ಗಿಟಾರಿನ ದಪ್ಪ ಇ ತಂತಿಯೇ 82 ಹರ್ಟ್ಜ್. 1 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 200 ಹರ್ಟ್ಜ್ ಕೆಳಗೆ ಮೆಲ್ಲಗೆ ತಗ್ಗುತ್ತದೆ, ಪೂರ್ತಿ ಕತ್ತರಿಸುವುದಿಲ್ಲ. ಕಾರ್ಡ್ ಬಾರಿಸಿದಾಗ ಆರು ತಂತಿಯೂ ಬಿಡಿ ಬಿಡಿಯಾಗಿ ಕೇಳಿಸಿದವು. ಹುಡುಗ ತಲೆ ಎತ್ತಿ ನನ್ನ ಕಡೆ ನೋಡಿದ. ಅದೇ ಸಾಕು ಅಂತ ಅಲ್ಲಿಗೇ ಬಿಟ್ಟೆವು.

ಆಮೇಲೆ ನೆಗೆಟಿವ್ ಫೀಡ್‌ಬ್ಯಾಕ್, ಅಂದರೆ ಹೊರಗೆ ಹೋಗುವ ಸಿಗ್ನಲ್‌ನಲ್ಲಿ ಸ್ವಲ್ಪವನ್ನು ಉಲ್ಟಾ ಹಿಂದಕ್ಕೆ ಕೊಟ್ಟು ಗೇನ್ ತಗ್ಗಿಸುವುದು. ಸ್ಪೀಕರ್‌ನಿಂದ ಎರಡನೇ ಹಂತದ ಕ್ಯಾಥೋಡ್‌ಗೆ 22 ಕಿಲೋ ಓಮ್ ರೆಸಿಸ್ಟರ್ ಇರುತ್ತದೆ. ತೆಗೆದರೆ ಗೇನ್ ಏರಿ ಸೌಂಡ್ ಒರಟಾಗುತ್ತದೆ, ಇದ್ದರೆ ಹದವಾಗಿ ಇರುತ್ತದೆ. ಪ್ರತಿ ಸಲ ಆಫ್ ಮಾಡಿ, ಖಾಲಿ ಮಾಡಿ, ಬೇರೆ ಬೇರೆ ಓಮ್‌ನ ರೆಸಿಸ್ಟರ್ ಒಂದೊಂದೇ ಹಾಕಿ ಕೇಳಿಸಿದೆ. ಅವನು 47 ಕಿಲೋ ಓಮ್ ಆರಿಸಿದ. ಸ್ವಿಚ್ ಹಾಕಿ ಅಂತಲೂ ಕೇಳಿದ. ಹಳೇ ಚಾಸಿಗೆ ನಾನು ತೂತು ಹೊಡೆಯುವುದಿಲ್ಲ. ತೆಗೆದ ಪಾರ್ಟ್‌ಗಳನ್ನೆಲ್ಲಾ ಕವರ್‌ಗೆ ಹಾಕಿ, ಯಾವುದು ಎಲ್ಲಿದ್ದದ್ದು ಅಂತ ಬರೆದು ಕೊಟ್ಟಿದ್ದೇನೆ. ನಾಳೆ ಯಾರಾದರೂ ಮೂಲದಂತೆ ಮಾಡಬೇಕು ಅಂದರೆ ಮಾಡಬಹುದು.

ಚರ್ಚ್‌ಗೆ ಸೌಂಡ್ ಸಾಲದೆ ವಾಲ್ಯೂಮ್ ಏರಿಸಿದಾಗ ಒಡೆಯುವುದಕ್ಕೆ ಮಾತ್ರ ಸರ್ಕ್ಯೂಟ್‌ನಲ್ಲಿ ಉತ್ತರ ಇಲ್ಲ, ಸ್ಪೀಕರ್‌ನಲ್ಲಿ ಇದೆ. ಒಂದು ವ್ಯಾಟಿಗೆ 91 ಡೆಸಿಬೆಲ್ ಸದ್ದು ಕೊಡುವ ಸ್ಪೀಕರ್ ಜಾಗದಲ್ಲಿ 97 ಡೆಸಿಬೆಲ್‌ದು ಹಾಕಿದರೆ ಆ 6 ಡೆಸಿಬೆಲ್ ನಾಲ್ಕು ಪಟ್ಟು ವ್ಯಾಟಿಗೆ ಸಮ. 5 ವ್ಯಾಟ್ 20 ವ್ಯಾಟಿನ ಹಾಗೆ ಕೇಳಿಸುತ್ತದೆ. ಅದಕ್ಕೇ 4 ಓಮ್‌ನ ಹನ್ನೆರಡು ಇಂಚಿನ ಸ್ಪೀಕರ್‌ಗೆ ಪ್ಲೈವುಡ್ ಬಾಕ್ಸ್ ಮಾಡಿಸಲು ಹೇಳಿದ್ದೇನೆ, ಹಿಂಭಾಗ ಅರ್ಧ ತೆರೆದಿರುವಂಥದ್ದು. ಬಡಗಿಯ ಹತ್ತಿರ ಕೆಲಸ ನಡೀತಿದೆ. ದೊಡ್ಡ ಸ್ಪೀಕರ್‌ನಲ್ಲಿ ಬೇಸ್ ಮತ್ತೆ ಏರುತ್ತದೆ, ಆದ್ದರಿಂದ ಬಾಕ್ಸ್ ಬಂದ ದಿನ 1 ಮೈಕ್ರೋಫ್ಯಾರಡ್ ಸಾಕಾ, 0.68ಕ್ಕೆ ಇಳಿಸಬೇಕಾ ಅಂತ ಅವನ ಗಿಟಾರ್‌ನಲ್ಲೇ ಮತ್ತೊಮ್ಮೆ ಕೇಳಿ ತೀರ್ಮಾನಿಸುತ್ತೇವೆ.