ಹೊಸ ಚಾಕು ಕಾಡಿಗೆ ಹೋಗಿ ಬಂತು: ಅಲಗು ಪಾಸ್, ಹಿಡಿ ಫೇಲ್

ನಾನೇ ಮಾಡ್ತಿದ್ದ ಚಾಕು ಕೆಲಸ ಮುಗೀತು ಅಂತ ಹೋದ ವಾರ ಕುಣಿದಾಡಿದ್ದೆ ಅಲ್ವಾ, ನಿನ್ನೆ ಕಾಡಲ್ಲಿ ನಾಲ್ಕು ಗಂಟೆ ಅದನ್ನ ದುಡಿಸಿದ್ಮೇಲೆ ಗೊತ್ತಾಯ್ತು, ಎಲ್ಲೂ ಮುಗಿದಿಲ್ಲ.

ಮೊದ್ಲಿಂದ ಗೊತ್ತಿಲ್ದೇ ಇರೋರಿಗೆ: 1084 ಹೈ ಕಾರ್ಬನ್ ಸ್ಟೀಲು, 4 ಮಿಮೀ ದಪ್ಪ, 10 ಸೆಂಮೀ ಅಲಗು, ಸ್ಕ್ಯಾಂಡಿ ಗ್ರೈಂಡು (ಬಾಯಿ ತನಕ ಒಂದೇ ಅಗಲ ಇಳಿಜಾರು), ಫುಲ್ ಟ್ಯಾಂಗು ಅಂದ್ರೆ ಸ್ಟೀಲು ಹಿಡಿಯ ಕೊನೆ ತನಕ ಒಂದೇ ತುಂಡು. ಸಣ್ಣ ಕುಲುಮೇಲಿ ಕಾಯ್ಸಿ, ಮ್ಯಾಗ್ನೆಟ್ ಅಂಟೋದು ನಿಂತ್ಮೇಲೆ (ಹತ್ತತ್ರ 770 ಡಿಗ್ರಿ) ಇನ್ನೂ ಚೂರು ಕೆಂಪಾಗ್ಲಿ ಅಂತ ಬಿಟ್ಟು, ಬೆಚ್ಚಗಿನ ಎಣ್ಣೇಲಿ ಅದ್ದಿದ್ದು. ಆಮೇಲೆ ಅರ ಹಾಕಿ ಉಜ್ಜಿದ್ರೆ ಕಚ್ಚದೇ ಗಾಜಿನ ಮೇಲೆ ಜಾರಿದ ಹಾಗೆ ಜಾರ್ತು, ಅಂದ್ರೆ ಸ್ಟೀಲು ಗಟ್ಟಿಯಾಗಿದೆ. ಓವನ್ನಲ್ಲಿ 200 ಡಿಗ್ರಿಗೆ ಎರಡೆರಡು ಗಂಟೆ ಎರಡು ಸಲ ಇಟ್ಟು ಹದ ಮಾಡ್ದೆ, ಒಣಹುಲ್ಲಿನ ಬಣ್ಣ ಬಂತು.

ಮೊದ್ಲು ಫೆದರ್ ಸ್ಟಿಕ್, ಅಂದ್ರೆ ಬೆಂಕಿ ಹಚ್ಚೋಕೆ ಕಡ್ಡೀಲೇ ತೆಳು ಸುರುಳಿ ಕೆತ್ತಿ ಬಿಡೋದು. ಗಂಟಿಲ್ಲದ ಒಣ ಕಡ್ಡಿ ಸಿಕ್ತು, ಆದ್ರೂ ಶುರುವಿನ ಹತ್ತು ಹದಿನೈದು ಸುರುಳಿ ಎಲ್ಲಾ ಕಿತ್ಕೊಂಡು ಬಿದ್ವು, ಚಾಕೂನ ಬೈಕೊಂಡೆ, ನೋಡಿದ್ರೆ ತಪ್ಪು ನಂದೇ, ಮಣಿಕಟ್ಟು ತಿರುಗಿಸ್ತಾ ಇದ್ದೆ. ತೋಳು ನೆಟ್ಟಗೆ ಇಟ್ಕೊಂಡು ಮೈ ಬಗ್ಗಿಸಿ ತಳ್ಳಿದ್ಮೇಲೆ ನೋಡಿ, ಕಾಗದದಷ್ಟು ತೆಳು ಸುರುಳಿ ಒಂದರ ಮೇಲೊಂದು ಬಂದು ಕೂತ್ಕೊಳ್ತು. ಸ್ಕ್ಯಾಂಡಿದು ಇದೇ ಸುಖ, ಅಗಲವಾದ ಇಳಿಜಾರು ಮರದ ಮೇಲೆ ಚಪ್ಪಟೆಯಾಗಿ ಕೂರತ್ತೆ, ಕೋನ ನಾವು ಹುಡುಕೋ ಹಾಗೇ ಇಲ್ಲ.

ಅಲಗಿನ ಬೆನ್ನನ್ನ ಅರದಲ್ಲಿ 90 ಡಿಗ್ರಿಗೆ ಚೂಪಾಗಿ ಬಿಟ್ಟಿದ್ದೆ, ಫೆರೋ ರಾಡ್‌ಗೆ (ಕೆರೆದ್ರೆ ಕಿಡಿ ಹಾರೋ ಕಡ್ಡಿ) ಅಂತ. ಚಾಕು ಅಲ್ಲಾಡಿಸದೇ ರಾಡನ್ನ ಹಿಂದಕ್ಕೆ ಎಳೆದ್ರೆ ಗುಡ್ಡೆ ಹಾಕಿದ ಸುರುಳಿ ಚೆಲ್ಲಾಪಿಲ್ಲಿ ಆಗಲ್ಲ, ಮೂರನೇ ಎಳೆತಕ್ಕೇ ಹೊತ್ಕೊಳ್ತು. ಆದ್ರೆ ಅದೇ ಚೂಪು ಬೆನ್ನು ಹೆಬ್ಬೆರಳಿಟ್ಟು ಒತ್ತೋ ಜಾಗದಲ್ಲೂ ಇದೆ! ಚರ್ಮ ಕೆಂಪಗೆ ಗೆರೆ ಬಿತ್ತು. ಮೊನೆ ಕಡೆ ಅರ್ಧ ಚೂಪು ಇದ್ರೆ ಸಾಕಿತ್ತು, ಹಿಡಿ ಕಡೆಯ ಅರ್ಧ ಉಜ್ಜಿ ಗುಂಡಗೆ ಮಾಡ್ಬೇಕು.

ಆಮೇಲೆ ಸೌದೆ ಸೀಳೋದು. ಅಲಗು ಕೂರ್ಸಿ ಬೆನ್ನಿಗೆ ಇನ್ನೊಂದು ಕಟ್ಟಿಗೇಲಿ ಬಡಿತಾ ಹೋದೆ, ಮೂರು ತುಂಡು ಆರಾಮಾಗಿ ಹೋಯ್ತು, ನಾಲ್ಕನೇದ್ರಲ್ಲಿ ಒಳಗೆ ಗಂಟಿತ್ತು, ಬಡಿಯೋ ಸದ್ದೇ ಬದಲಾಯ್ತು, ಅಲ್ಲಿಗೇ ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಲ್ಲ. ಅಲಗಿನ ಬಾಯಿ ಮೇಲೆ ಉಗುರು ಮೆಲ್ಲಗೆ ಅಡ್ಡ ಎಳೆದ್ರೆ ಒಂದು ಕಡೆ ತಡೀತು, 3 ಮಿಮೀ ಉದ್ದಕ್ಕೆ ಮಡಚ್ಕೊಂಡಿದೆ. ಚಕ್ಕೆ ಹಾರಿದ್ರೆ ಹದ ಗಟ್ಟಿ ಆಯ್ತೇನೋ ಅಂತ ತಲೆ ಕೆಡಿಸ್ಕೊಳ್ತಿದ್ದೆ, ಇದು ಮಡಚಿರೋದು, ಅಂದ್ರೆ ಬಾಯಿ ತೀರಾ ತೆಳು. ಕೈ ಮೇಲಿನ ಕೂದಲು ಬೋಳಿಸಿ ತೋರ್ಸೋ ಚಪಲಕ್ಕೆ ಎರಡೂ ಕಡೆ ಸೇರಿ 20 ಡಿಗ್ರಿಗೆ ಇಳಿಸಿದ್ದೆ. ಈಗ ಸಾಣೆಕಲ್ಲಲ್ಲಿ 25ಕ್ಕೆ ತಂದು, ತುದೀಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಇನ್ನೊಂದು ಇಳಿಜಾರು (ಮೈಕ್ರೋ ಬೆವೆಲ್) ಕೊಡ್ತೀನಿ.

ಇದೆಲ್ಲಾ ಒಂದು ಸಂಜೆ ಕೆಲಸ ಬಿಡಿ. ನಿಜವಾದ ಪೆಟ್ಟು ಹಿಡೀದು. ಬೆಂಚಿನ ಮೇಲೆ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ, ಪಾಲಿಶ್ ಮಾಡಿ ಮಾಡಿ ನೋಡ್ತಾ ಕೂತಿದ್ದೆ, ಎರಡು ನಿಮಿಷಕ್ಕಿಂತ ಜಾಸ್ತಿ ಬಿಗಿಯಾಗಿ ಹಿಡ್ಕೊಂಡೇ ಇರ್ಲಿಲ್ಲ. ಕಾಡಲ್ಲಿ ಒಂದು ಗಂಟೆ ಆಗೋಷ್ಟ್ರಲ್ಲಿ ತೋರುಬೆರಳಿನ ಬುಡದಲ್ಲಿ ಬೊಕ್ಕೆ. ಪಕ್ಕಗಳು ಚಪ್ಪಟೆ, ಮೂಲೆಗಳು ಚೌಕ, ಹಿಡಿದಿದ್ದು ಚಾಕುವಾ ಅಳತೆಪಟ್ಟಿಯಾ ಅನ್ನೋ ಥರ.

ಬೆಂಕಿ ಆರಿಸಿ ನೀರು ಹಾಕಿದ್ಮೇಲೆ ಒಂದು ಇದ್ದಿಲು ತಗೊಂಡು ಅಂಗೈಗೆಲ್ಲಾ ಬಳ್ಕೊಂಡು, ಹಿಡಿಯನ್ನ ಗಟ್ಟಿಯಾಗಿ ಹಿಡ್ಕೊಂಡು ಐದು ನಿಮಿಷ ಕಡ್ಡಿ ಕೆತ್ತಿದೆ. ಬಿಟ್ಟು ನೋಡಿದ್ರೆ ಒತ್ತೋ ಜಾಗ ಎಲ್ಲಾ ಕಪ್ಪು, ಕೆಳಗಿನ ಎರಡು ಮೂಲೆ ಉದ್ದಕ್ಕೂ, ಕಿರುಬೆರಳ ಹತ್ರ ಒಂದು ಮಚ್ಚೆ. ಆ ಕಪ್ಪು ಅಳಿಸಿಲ್ಲ, ಅದು ಎಲ್ಲೆಲ್ಲಿದೆಯೋ ಅಲ್ಲಲ್ಲಿ ಮಾತ್ರ ಅರ ಆಡ್ಸೋದು, ಮತ್ತೆ ಬಳಿಯೋದು, ಮತ್ತೆ ಹಿಡಿಯೋದು. ಎರಡು ಸುತ್ತು ಆಗಿದೆ, ಕಿರುಬೆರಳಿನ ಮಚ್ಚೆ ಇನ್ನೂ ಹೋಗಿಲ್ಲ.