200 ಬೊಡ್ಡೆಗಳ ನಡುವೆ ಒಂದು ಹೊಳೆ

ಸಿಡ್ನಿಯಿಂದ ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾಗೆ ಬಸ್ಸಿನಲ್ಲಿ ಮೂರೂವರೆ ಗಂಟೆ. ಜುಲೈ ತಿಂಗಳು, ಹಲ್ಲು ಕಟಕಟ ಅನ್ನುವ ಚಳಿ. ನಿಜ ಹೇಳ್ತೀನಿ, ನ್ಯಾಷನಲ್ ಗ್ಯಾಲರಿಗೆ ನುಗ್ಗಿದ್ದು ಕಲೆ ನೋಡೋಕಲ್ಲ. ಒಳಗೆ ಬೆಚ್ಚಗಿರುತ್ತೆ, ಟಿಕೆಟ್ಟೂ ಇಲ್ಲ ಅಂತ.

ಒಳಗೆ ಒಂದು ಕಾಡೇ ನಿಂತಿತ್ತು. ಬಣ್ಣ ಬರೆದ 200 ಮರದ ಬೊಡ್ಡೆಗಳು. ಕೆಲವು ನನಗಿಂತ ಕುಳ್ಳು, ಕೆಲವನ್ನು ಕತ್ತೆತ್ತಿ ನೋಡಬೇಕು. ಎಲ್ಲವೂ ಗೆದ್ದಲು ತಿಂದು ಟೊಳ್ಳಾದ ಮರ. ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ ಸತ್ತವರ ಮೂಳೆಗಳನ್ನು ಕೊನೆಗೆ ಇಂಥ ಬೊಡ್ಡೆಯೊಳಗೆ ಇಡುವುದು ಹಳೆಯ ಪದ್ಧತಿ. ಇವುಗಳಲ್ಲಿ ಮೂಳೆ ಇಲ್ಲ. ಒಂದೊಂದೂ ಒಂದೊಂದು ವರ್ಷಕ್ಕೆ.

1788ರಲ್ಲಿ ನೆಲೆಯೂರಲು ಬ್ರಿಟಿಷರ ಹಡಗುಗಳು ಬಂದು 1988ಕ್ಕೆ 200 ವರ್ಷ ತುಂಬಿತು. ದೇಶವೆಲ್ಲ ಹಬ್ಬಕ್ಕೆ ಸಜ್ಜಾಗುತ್ತಿದ್ದಾಗ ಆರ್ನೆಮ್ ಲ್ಯಾಂಡ್‌ನ ರಾಮಿಂಗಿನಿಂಗ್ ಎಂಬ ಊರಿನ ಸುತ್ತಮುತ್ತಲ 43 ಮೂಲನಿವಾಸಿ ಕಲಾವಿದರು ಈ ಶವಪೆಟ್ಟಿಗೆಗಳಿಗೆ ಬಣ್ಣ ಹಚ್ಚುತ್ತಾ ಕೂತರು. ಯೋಚನೆ ಅಲ್ಲಿನ ಕಲಾ ಸಲಹೆಗಾರ ಜಾನ್ ಮಂಡೈನ್ ಅವರದು. ಅವರೂ ಮೂಲನಿವಾಸಿಯೇ. ನೆಲ ಉಳಿಸಿಕೊಳ್ಳಲು ಹೋಗಿ ಸತ್ತ ತಮ್ಮವರಿಗೆ ಸ್ಮಾರಕ ಎಲ್ಲಿದೆ ಅನ್ನೋದು ಅವರ ಪ್ರಶ್ನೆ. ಗ್ಯಾಲರಿ ಪಕ್ಕದ ಕೆರೆಯಾಚೆ ದೊಡ್ಡ ಯುದ್ಧ ಸ್ಮಾರಕವಿದೆ, ಆದರೆ ಅದು ಸೈನಿಕರಿಗೆ. ನಮ್ಮ ಕಡೆ ದನ ಕಾಯಲು ಹೋರಾಡಿ ಸತ್ತವನಿಗೂ ಒಂದು ವೀರಗಲ್ಲು ನೆಡುತ್ತಿದ್ದರು, ಅಲ್ವಾ?

ಬೊಡ್ಡೆಗಳ ನಡುವೆ ಒಂದು ಅಂಕುಡೊಂಕು ದಾರಿ. ಅದು ಆ ಕಲಾವಿದರ ಸೀಮೆಯ ಗ್ಲೈಡ್ ನದಿಯ ಗುರುತು. ಹೊಳೆಯ ಯಾವ ದಂಡೆಯಲ್ಲಿ ಯಾವ ಕುಲದ ನೆಲವಿದೆಯೋ ಅದೇ ಲೆಕ್ಕದಲ್ಲಿ ಬೊಡ್ಡೆಗಳನ್ನು ನಿಲ್ಲಿಸಿದ್ದಾರೆ. ನಾನು ಆ ಹೊಳೆಯಲ್ಲೇ ನಡೆದೆ. ಬಿಳಿ, ಕಾವಿ, ಹಳದಿ, ಕಪ್ಪು. ಒಂದರ ಮೇಲೆ ಮೀನು, ಹೊಟ್ಟೆ ತುಂಬ ಕೂದಲೆಳೆಯಂಥ ಅಡ್ಡಗೀಟು. ಬೆರಳು ತಾನಾಗಿ ಹತ್ತಿರ ಹೋಯಿತು. ಹಿಂದಿನಿಂದ ಕಾವಲಿನವರು ಕೆಮ್ಮಿದರು. ಸುಮ್ನೆ ಕೈ ಜೇಬಿಗೆ ಹಾಕಿಕೊಂಡು ಮೇಲೆ ನೋಡಿದೆ. ತುದಿಯ ಹತ್ತಿರ ಪುಟ್ಟ ತೂತು. ಸತ್ತವರು ತಮ್ಮ ನೆಲ ನೋಡಿಕೊಳ್ಳಲಿ ಅಂತ ಬಿಡುವ ಕಿಂಡಿಯಂತೆ ಅದು. ಆಮೇಲೆ ಯಾವ ಬೊಡ್ಡೆ ನೋಡಿದರೂ ಕಣ್ಣು ಮೊದಲು ಕಿಂಡಿ ಹುಡುಕುತ್ತಿತ್ತು.

ಅಲ್ಲಿಂದ ಹಳೆ ಪಾರ್ಲಿಮೆಂಟಿಗೆ ನಡೆದೇ ಹೋದೆ. ಎದುರಿನ ಹುಲ್ಲುಹಾಸಿನಲ್ಲಿ ಟೆಂಟ್ ಎಂಬಸಿ. ನಮ್ಮ ನೆಲದಲ್ಲಿ ನಾವೇ ಪರದೇಶಿಗಳು, ಹಾಗಾದರೆ ನಮಗೂ ರಾಯಭಾರ ಕಚೇರಿ ಬೇಕು ಅಂತ 1972ರಲ್ಲಿ ನಾಲ್ವರು ಮೂಲನಿವಾಸಿ ಯುವಕರು ಒಂದು ಬೀಚ್ ಕೊಡೆ ನೆಟ್ಟು ಶುರುಮಾಡಿದ್ದು. ಅವತ್ತು ಜನವರಿ 26. ಅಲ್ಲಿ ಬ್ರಿಟಿಷರು ಬಾವುಟ ನೆಟ್ಟ ದಿನ, ನಮಗೆ ಗಣರಾಜ್ಯ ದಿನ.

ಟೆಂಟುಗಳ ನಡುವೆ ಬೆಂಕಿ ಉರಿಯುತ್ತಿತ್ತು. ಕೈ ಕಾಯಿಸಿಕೊಂಡೆ. ವಾಪಸ್ ಬಸ್ಸಿನಲ್ಲಿ ಸ್ವೆಟರಿನ ತುಂಬ ಹೊಗೆ ವಾಸನೆ. ಪಕ್ಕದ ಸೀಟಿನವರು ಎರಡು ಸಲ ತಿರುಗಿ ನೋಡಿದರು.